‘ಓಜಿಮ್ಯಾಂಡಿಯಸ್’: ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ ಅರವತ್ತನೆಯ ಕಂತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಕಥೆಯ ಯಾವ ಗುಟ್ಟನ್ನೂ ಮುಚ್ಚಿಟ್ಟಿಲ್ಲ. ಯಾರು ಸಾಯುತ್ತಾರೆ, ಯಾರು ಯಾರನ್ನು ಹಿಡಿದುಕೊಡುತ್ತಾರೆ ಎಂಬುದೆಲ್ಲ ಇಲ್ಲಿದೆ. ಆದ್ದರಿಂದ ಧಾರಾವಾಹಿಯನ್ನು ಇನ್ನೂ ನೋಡದವರು ಮೊದಲ ಪ್ರಶ್ನೆಯನ್ನು ಮಾತ್ರ ಓದಿ, ಉಳಿದದ್ದನ್ನು ನೋಡಿದ ಮೇಲೆ ಓದುವುದು ಒಳ್ಳೆಯದು.

ಇದು ಯಾವ ಧಾರಾವಾಹಿಯ ಎಷ್ಟನೆಯ ಕಂತು?

ಅಮೆರಿಕದ ಎಎಂಸಿ ವಾಹಿನಿಯಲ್ಲಿ 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ ಐದು ಸೀಸನ್‌ಗಳಲ್ಲಿ ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ನ ಒಟ್ಟು 62 ಕಂತುಗಳಲ್ಲಿ ಇದು ಅರವತ್ತನೆಯದು, ಐದನೆಯ ಸೀಸನ್ನಿನ ಲೆಕ್ಕದಲ್ಲಿ ಹದಿನಾಲ್ಕನೆಯದು. ಮೊದಲ ಪ್ರಸಾರ ಆದದ್ದು 2013ರ ಸೆಪ್ಟೆಂಬರ್ 15ರಂದು. ಧಾರಾವಾಹಿಯ ಸೃಷ್ಟಿಕರ್ತರು ವಿನ್ಸ್ ಗಿಲಿಗನ್. ಈ ಕಂತನ್ನು ಬರೆದವರು ಮೊಯಿರಾ ವಾಲಿ-ಬೆಕೆಟ್, ನಿರ್ದೇಶಿಸಿದವರು ರಯನ್ ಜಾನ್ಸನ್. ಇದೇ ಧಾರಾವಾಹಿಯ ‘ಫ್ಲೈ’ ಮತ್ತು ‘ಫಿಫ್ಟಿ-ಒನ್’ ಎಂಬ ಕಂತುಗಳನ್ನೂ ಜಾನ್ಸನ್ ಅವರೇ ನಿರ್ದೇಶಿಸಿದ್ದರು.

ಹಿಂದಿನ ಐವತ್ತೊಂಬತ್ತು ಕಂತುಗಳನ್ನು ನೋಡದೆ ನೇರವಾಗಿ ಇದನ್ನು ನೋಡಬಹುದೇ?

ನೋಡಬಹುದು, ಆದರೆ ನೋಡಬಾರದು. ಕಥೆಯ ಎಳೆ ಅರ್ಥವಾಗದೆ ಹೋದೀತು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಎಳೆಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿಬಿಡಬಹುದು. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ಮೇಲೆ, ಹೆಂಡತಿ ಮಕ್ಕಳಿಗೆ ಹಣ ಬಿಟ್ಟುಹೋಗಬೇಕೆಂಬ ನೆಪದಲ್ಲಿ ತನ್ನ ಹಳೆಯ ವಿದ್ಯಾರ್ಥಿ ಜೆಸ್ಸಿ ಪಿಂಕ್‌ಮನ್‌ನನ್ನು ಕಟ್ಟಿಕೊಂಡು ಮೆಥ್ ಎಂಬ ಮಾದಕವಸ್ತುವನ್ನು ತಯಾರಿಸಲು ತೊಡಗುತ್ತಾನೆ. ಅವನ ಷಡ್ಡಕ ಹ್ಯಾಂಕ್ ಶ್ರೇಡರ್ ಮಾದಕವಸ್ತು ವಿರೋಧಿ ಸಂಸ್ಥೆಯಾದ ಡಿಇಎಯ ಅಧಿಕಾರಿ. ವರ್ಷಗಟ್ಟಲೆ ಹುಡುಕುತ್ತಿದ್ದ ಅಪರಾಧಿ ತನ್ನ ಮನೆಯ ಊಟದ ಮೇಜಿನಲ್ಲೇ ಕೂತಿದ್ದನೆಂಬುದು ಹ್ಯಾಂಕ್‌ಗೆ ಕೊನೆಗೆ ಗೊತ್ತಾಗುತ್ತದೆ, ಹಿಂದಿನ ಕಂತಿನಲ್ಲಿ ಅವನು ವಾಲ್ಟ್‌ಗೆ ಕೈಕೋಳವನ್ನೂ ತೊಡಿಸುತ್ತಾನೆ.

ಇಷ್ಟು ತಿಳಿದರೆ ಘಟನೆಗಳೇನೋ ಅರ್ಥವಾಗುತ್ತವೆ. ಆದರೆ ಈ ಕಂತಿನ ಭಾರವೆಲ್ಲ ಇರುವುದು ವಾಲ್ಟ್ ಐದು ಸೀಸನ್‌ಗಳ ಉದ್ದಕ್ಕೂ ಬರೀ ಮಾತಿನಿಂದ ಪಾರಾಗುತ್ತ ಬಂದ ರೀತಿಯನ್ನು ನೋಡಿದವರ ನೆನಪಿನಲ್ಲಿ. ಅವನ ನಿಜವಾದ ಆಯುಧ ರಸಾಯನಶಾಸ್ತ್ರವಲ್ಲ, ಮಾತು ಎಂಬುದು ಈ ಪುಟವನ್ನು ಬರೆಯುತ್ತಿರುವವನ ಅಭಿಪ್ರಾಯ. ಕೆಳಗಿನ ಹಲವು ಉತ್ತರಗಳು ಅಲ್ಲಿಂದಲೇ ಹೊರಟಿವೆ.

ಈ ವಿಚಿತ್ರ ಹೆಸರು ಎಲ್ಲಿಂದ ಬಂತು?

ಇಂಗ್ಲಿಷ್ ಕವಿ ಪರ್ಸಿ ಬಿಷ್ ಷೆಲ್ಲಿ 1818ರಲ್ಲಿ ಪ್ರಕಟಿಸಿದ ಒಂದು ಸುನೀತದ ಹೆಸರು ಅದು. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್‌ನನ್ನು ಗ್ರೀಕರು ಕರೆಯುತ್ತಿದ್ದ ಹೆಸರು ಓಜಿಮ್ಯಾಂಡಿಯಸ್. ಮರಳುಗಾಡಿನಲ್ಲಿ ಒಡೆದು ಬಿದ್ದಿರುವ ಒಂದು ಬೃಹತ್ ವಿಗ್ರಹ, ಮುಂಡವಿಲ್ಲದೆ ನಿಂತ ಎರಡು ಕಾಲು, ಪಕ್ಕದಲ್ಲಿ ಮರಳಿನಲ್ಲಿ ಅರ್ಧ ಹೂತ ಮುಖ, ಪೀಠದ ಮೇಲೆ ತನ್ನ ಸಾಧನೆಗಳನ್ನು ಕಂಡು ಬಲಶಾಲಿಗಳೂ ಎದೆಗುಂದಲಿ ಎಂಬರ್ಥದ ದೊರೆಯ ಶಾಸನ, ಸುತ್ತಲೂ ಮರಳಲ್ಲದೆ ಬೇರೇನೂ ಇಲ್ಲ: ಕವಿತೆಯ ಚಿತ್ರ ಇಷ್ಟೇ. ಕೊನೆಯ ಕಂತುಗಳ ಪ್ರಚಾರಕ್ಕಾಗಿ ವಾಹಿನಿಯು ವಾಲ್ಟ್ ಪಾತ್ರಧಾರಿ ಬ್ರಯನ್ ಕ್ರ್ಯಾನ್‌ಸ್ಟನ್ ಅವರಿಂದಲೇ ಈ ಸುನೀತವನ್ನು ಓದಿಸಿತ್ತು.

ಸಾಮ್ರಾಜ್ಯ ಕುಸಿಯುತ್ತದೆ ಎಂಬ ಸುಲಭದ ಅರ್ಥವನ್ನು ಎಲ್ಲರೂ ಹೇಳುತ್ತಾರೆ. ಆದರೆ ಕವಿತೆಯಲ್ಲಿ ವಿಗ್ರಹ ಒಡೆದಿದ್ದರೂ ಮಾತು ಅಳಿದಿಲ್ಲ ಎಂಬುದನ್ನು ಗಮನಿಸಬೇಕು. ಪೀಠದ ಮೇಲಿನ ಜಂಬದ ಸಾಲು ಹಾಗೆಯೇ ಉಳಿದಿದೆ, ಅದನ್ನು ಕೇಳಿ ಹೆದರುವವರು ಮಾತ್ರ ಯಾರೂ ಉಳಿದಿಲ್ಲ. ವಾಲ್ಟ್‌ನ ಸ್ಥಿತಿ ಈ ಕಂತಿನಲ್ಲಿ ಅಕ್ಷರಶಃ ಹೀಗೇ ಆಗುತ್ತದೆ.

ಕಂತು ಆರಂಭವಾಗುವುದು ಹಳೆಯ ಘಟನೆಯೊಂದರಿಂದ. ಹಿಂದಿನ ಕಂತು ಗುಂಡಿನ ಕಾಳಗದ ನಡುವೆ ನಿಂತಿರುವಾಗ ಹೀಗೇಕೆ ಮಾಡಿದರು?

ಹಿಂದಿನ ವಾರದ ಕಂತು ಎರಡು ಗುಂಪುಗಳು ಪರಸ್ಪರ ಗುಂಡು ಹಾರಿಸುತ್ತಿರುವ ಕ್ಷಣದಲ್ಲಿ ತಟ್ಟನೆ ಮುಗಿದಿತ್ತು. ಏಳು ದಿನ ಉಸಿರು ಬಿಗಿಹಿಡಿದು ಕಾದ ವೀಕ್ಷಕರಿಗೆ ಮೊದಲು ಸಿಗುವುದು ವಾಲ್ಟ್ ಮತ್ತು ಜೆಸ್ಸಿ ಮೊಟ್ಟಮೊದಲ ಬಾರಿ ಮೆಥ್ ತಯಾರಿಸಿದ ದಿನದ ಒಂದು ತುಣುಕು. ಅದೇ ಮರಳುಗಾಡು, ಹಳೆಯ ವ್ಯಾನು, ಮೈಮೇಲೆ ಏಪ್ರನ್ ಮತ್ತು ಒಳಚಡ್ಡಿ ಮಾತ್ರ ಇರುವ ಮೇಷ್ಟ್ರು. ಕುದಿಯುವುದು ಕುದಿಯಲಿ ಎಂದು ಬಿಟ್ಟು ಅವನು ಸ್ವಲ್ಪ ದೂರ ನಡೆದು ಹೋಗಿ, ಮನೆಗೆ ತಡವಾಗಿ ಬರುವುದಕ್ಕೆ ಹೆಂಡತಿಗೆ ಏನು ಕಾರಣ ಹೇಳಬೇಕೆಂದು ಒಬ್ಬನೇ ತಾಲೀಮು ಮಾಡುತ್ತಾನೆ. ಕಾರು ತೊಳೆಯುವ ಅಂಗಡಿಯ ಮಾಲೀಕನ ಮೇಲೆ ತಪ್ಪು ಹೊರಿಸುವ ಆ ಸುಳ್ಳನ್ನು ಅವನು ನಾಟಕದ ಹುಡುಗನಂತೆ ಬಾಯಿಪಾಠ ಮಾಡುವುದನ್ನು ನೋಡಿದರೆ ನಗು ಬರುತ್ತದೆ. ಆಮೇಲೆ ಫೋನ್ ಮಾಡುತ್ತಾನೆ. ಸ್ಕೈಲರ್ ನಂಬುತ್ತಾಳೆ. ಹುಟ್ಟಲಿರುವ ಮಗಳಿಗೆ ಹಾಲಿ ಎಂಬ ಹೆಸರಿಡೋಣವೇ ಎಂದು ಅವಳು ಕೇಳುತ್ತಾಳೆ, ಅವನು ಒಪ್ಪುತ್ತಾನೆ. ಮಾತು ಮುಗಿದ ಮೇಲೆ ವಾಲ್ಟ್, ಜೆಸ್ಸಿ, ವ್ಯಾನು ಒಂದೊಂದಾಗಿ ಚೌಕಟ್ಟಿನಿಂದ ಕರಗಿ ಮಾಯವಾಗಿ ಬರೀ ಮರಳು ಉಳಿಯುತ್ತದೆ.

ಇದನ್ನು ಬರೀ ಮಧುರ ನೆನಪು ಎಂದು ತಿಳಿದರೆ ಕಂತಿನ ಅರ್ಧ ಕೈತಪ್ಪಿ ಹೋಗುತ್ತದೆ. ಇಲ್ಲಿ ನಾವು ನೋಡುತ್ತಿರುವುದು ವಾಲ್ಟ್ ಮನೆಯವರಿಗೆ ಹೇಳಿದ ಲೆಕ್ಕವಿಲ್ಲದ ಸುಳ್ಳುಗಳಲ್ಲಿ ತೀರ ಮೊದಲಿನದೊಂದನ್ನು. ಇದೇ ಕಂತು ಮುಗಿಯುವ ಹೊತ್ತಿಗೆ ಅವನು ಅದೇ ಮನೆಗೆ, ಅದೇ ಹೆಂಡತಿಗೆ ಇನ್ನೊಮ್ಮೆ ಫೋನ್ ಮಾಡಿ ಇನ್ನೊಂದು ಸುಳ್ಳು ಹೇಳಲಿದ್ದಾನೆ. ಅಂದಹಾಗೆ, ಇಡೀ ಧಾರಾವಾಹಿಯ ಚಿತ್ರೀಕರಣದಲ್ಲಿ ಎಲ್ಲಕ್ಕಿಂತ ಕೊನೆಗೆ ತೆಗೆದದ್ದು ಈ ಮೊದಲ ದಿನದ ದೃಶ್ಯವನ್ನೇ.

ನಟರ, ತಂತ್ರಜ್ಞರ ಹೆಸರುಗಳು ಇಷ್ಟು ತಡವಾಗಿ ಬರುವುದೇಕೆ?

ಸಾಮಾನ್ಯವಾಗಿ ಶೀರ್ಷಿಕೆಯ ಬೆನ್ನಿಗೇ ಬರುವ ಹೆಸರುಗಳು ಇಲ್ಲಿ ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ, ವಾಲ್ಟ್ ಹಣ ತುಂಬಿದ ಪೀಪಾಯಿಯೊಂದನ್ನು ಉರುಳಿಸುವ ದೃಶ್ಯದ ಮೇಲೆ ಮೂಡುತ್ತವೆ. ಒಬ್ಬ ಮನುಷ್ಯನ ಸಾವಿನ ಮುಂದೆ ಅಕ್ಷರಗಳು ತೇಲಾಡಬಾರದು ಎಂಬುದು ಕಣ್ಣಿಗೇ ಗೊತ್ತಾಗುವ ಕಾರಣ. ಅಷ್ಟರ ಮಟ್ಟಿಗೆ ಇದು ಮರ್ಯಾದೆಯ ಪ್ರಶ್ನೆಯೂ ಹೌದು.

ಹ್ಯಾಂಕ್‌ನ ಸಾವನ್ನು ತಪ್ಪಿಸಲು ಸಾಧ್ಯವಿತ್ತೇ?

ಕಥೆಯ ಒಳಗೆ ನಿಂತು ನೋಡಿದರೆ, ಗುಂಡಿನ ಸದ್ದು ನಿಲ್ಲುವ ಹೊತ್ತಿಗಾಗಲೇ ಕಾಲ ಮೀರಿತ್ತು. ಹ್ಯಾಂಕ್‌ನ ಜೊತೆಗಾರ ಸ್ಟೀವ್ ಗೋಮೆಜ್ ಸತ್ತು ಬಿದ್ದಿದ್ದಾನೆ. ಹ್ಯಾಂಕ್‌ನ ಕಾಲಿಗೆ ಗುಂಡು ತಗುಲಿದೆ. ಕೈಕೋಳದ ವಾಲ್ಟ್ ಕಾರಿನ ಹಿಂದಿನ ಸೀಟಿನಲ್ಲಿ ಕೂಗುತ್ತಿದ್ದಾನೆ. ಎದುರಿಗಿರುವುದು ಜ್ಯಾಕ್ ವೆಲ್ಕರ್‌ನ ನವನಾಜಿ ಗುಂಪು. ಈ ಗುಂಪನ್ನು ಅಲ್ಲಿಗೆ ಕರೆದವನು ವಾಲ್ಟ್‌ನೇ: ಜೆಸ್ಸಿಯನ್ನು ಕೊಲ್ಲಿಸಲೆಂದು ಕರೆದಿದ್ದ, ಬಂದದ್ದು ಹ್ಯಾಂಕ್ ಎಂದು ಗೊತ್ತಾದ ಕೂಡಲೇ ಬರಬೇಡಿ ಎಂದಿದ್ದ, ಅವರು ಕೇಳದೆ ಬಂದಿದ್ದರು. ಬೇಲಿ ಹಾಕಿದವನ ಮಾತನ್ನು ಬೇಲಿ ಕೇಳಬೇಕಲ್ಲ.

ಮುಂದಿನ ಕೆಲವು ನಿಮಿಷಗಳಲ್ಲಿ ವಾಲ್ಟ್ ತನಗೆ ಗೊತ್ತಿರುವ ಎಲ್ಲ ಬಗೆಯ ಮಾತನ್ನೂ ಬಳಸುತ್ತಾನೆ. ಹ್ಯಾಂಕ್ ನಮ್ಮ ಮನೆಯವನು ಎನ್ನುತ್ತಾನೆ. ಯಾರೂ ಬೆನ್ನಟ್ಟಿ ಬರುವುದಿಲ್ಲ ಎಂದು ತರ್ಕ ಹೂಡುತ್ತಾನೆ. ಕೊನೆಗೆ ಮರಳಿನಲ್ಲಿ ಹೂತಿಟ್ಟ 8 ಕೋಟಿ ಡಾಲರ್ ಹಣವನ್ನೆಲ್ಲ ಕೊಡುತ್ತೇನೆ ಎನ್ನುತ್ತಾನೆ. ಹಾಗೆ ಹೇಳುವುದರೊಂದಿಗೆ ಹಣ ಇಲ್ಲಿಯೇ ಇದೆ ಎಂಬುದನ್ನು ತಾನೇ ಬಾಯಿಬಿಟ್ಟು, ಹ್ಯಾಂಕ್‌ನನ್ನು ಉಳಿಸಿಕೊಳ್ಳಲು ಅವರಿಗಿದ್ದ ಕೊನೆಯ ಕಾರಣವನ್ನೂ ಇಲ್ಲವಾಗಿಸುತ್ತಾನೆ. ಜ್ಯಾಕ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ, ಒಂದೂ ನಾಟುವುದಿಲ್ಲ.

ಹ್ಯಾಂಕ್ ಮಾತ್ರ ಬೇಡುವುದಿಲ್ಲ. ವಾಲ್ಟ್‌ನಂಥ ಬುದ್ಧಿವಂತನನ್ನು ತಾನು ಕಂಡಿಲ್ಲವೆಂದೂ, ಆದರೆ ಈ ಮನುಷ್ಯ ಹತ್ತು ನಿಮಿಷದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾನೆಂಬುದು ಕಾಣದಷ್ಟು ಅವನು ದಡ್ಡನೆಂದೂ ಹೇಳುತ್ತಾನೆ. ತನ್ನ ಹುದ್ದೆ ಮತ್ತು ಹೆಸರನ್ನು ಜ್ಯಾಕ್‌ನ ಮುಖಕ್ಕೆ ಸ್ಪಷ್ಟವಾಗಿ ಹೇಳಿ, ಒಂದು ಬೈಗುಳ ಸೇರಿಸುತ್ತಾನೆ. ಡೀನ್ ನಾರಿಸ್ ಅವರ ನಟನೆಯಲ್ಲಿ ಮೊದಲ ಸೀಸನ್ನಿನ ಬಡಾಯಿಕೋರ ಹ್ಯಾಂಕ್‌ನ ಸುಳಿವೇ ಇಲ್ಲಿಲ್ಲ. ದನಿ ಏರುವುದಿಲ್ಲ, ಕಣ್ಣು ತಪ್ಪಿಸುವುದಿಲ್ಲ. ಗುಂಡು ಹಾರುವುದು ಅವನು ಮುಂದಿನ ಮಾತು ಮುಗಿಸುವ ಮೊದಲೇ.

ಆಗ ವಾಲ್ಟ್ ನೆಲಕ್ಕೆ ಬೀಳುವ ದೃಶ್ಯವನ್ನು ಅಷ್ಟು ಹೊತ್ತು ಏಕೆ ತೋರಿಸುತ್ತಾರೆ?

ಕ್ಯಾಮೆರಾ ಸಾವಿನ ಕಡೆ ನಿಲ್ಲುವುದಿಲ್ಲ, ವಾಲ್ಟ್‌ನ ಮುಖದ ಕಡೆ ಹೋಗುತ್ತದೆ. ಬಾಯಿ ತೆರೆದಿದೆ, ಸದ್ದು ಬರುವುದಿಲ್ಲ. ಅವನು ಕುಸಿದು ಪಕ್ಕಕ್ಕೆ ಉರುಳಿದಾಗ ಕೆನ್ನೆ ಮರಳಿಗೆ ಒತ್ತಿಕೊಂಡು ಮುಖ ಅರ್ಧ ಮಾತ್ರ ಕಾಣುತ್ತದೆ: ಷೆಲ್ಲಿಯ ಕವಿತೆಯ ಒಡೆದ ವಿಗ್ರಹದ ಮುಖವನ್ನು ಯಾರೂ ಬಾಯಿಬಿಟ್ಟು ಹೇಳದೆ ತೆರೆಯ ಮೇಲೆ ತಂದಿಟ್ಟ ರೀತಿ ಇದು. ಅರವತ್ತು ಕಂತುಗಳಲ್ಲಿ ವಾಲ್ಟ್‌ಗೆ ಮಾತು ಸಿಗದೆ ಹೋದ ಸಂದರ್ಭಗಳು ಬಲು ಕಡಿಮೆ. ಅವನ ಹಿಂದೆಯೇ ಆ ಗುಂಪು ಪೀಪಾಯಿಗಳನ್ನು ಅಗೆದು ತೆಗೆದು, ಖಾಲಿಯಾದ ಅದೇ ಗುಂಡಿಯಲ್ಲಿ ಹ್ಯಾಂಕ್ ಮತ್ತು ಗೋಮೆಜ್‌ರನ್ನು ಹೂಳುತ್ತದೆ. ಹಣವಿದ್ದ ಜಾಗದಲ್ಲಿ ಹೆಣ. ವಿವರಣೆ ಬೇಕಿಲ್ಲ.

ಏಳು ಪೀಪಾಯಿಗಳಲ್ಲಿ ಒಂದನ್ನು ಜ್ಯಾಕ್ ಬಿಟ್ಟುಹೋಗುವುದೇಕೆ?

ಅಣ್ಣನ ಮಗನೋ ಅಕ್ಕನ ಮಗನೋ, ಅಂತೂ ಜ್ಯಾಕ್‌ನನ್ನು ಮಾವನೆಂದೇ ನಂಬಿ ಬೆಳೆದ ಟಾಡ್‌ಗೆ ವಾಲ್ಟ್‌ನ ಮೇಲೆ ಒಂದು ಬಗೆಯ ಗುರುಭಕ್ತಿ ಇದೆ; ಅವನ ಮುಖ ನೋಡಿ ಜ್ಯಾಕ್ ಸುಮಾರು 1 ಕೋಟಿ 10 ಲಕ್ಷ ಡಾಲರ್ ಇರುವ ಒಂದು ಪೀಪಾಯಿಯನ್ನು ಬಿಟ್ಟು, ಹಗೆ ಬೇಡವೆಂದು ಕೈಯನ್ನೂ ಕುಲುಕುತ್ತಾನೆ. ಇದು ಕಂತಿನ ದುರ್ಬಲ ಎಳೆ ಎಂದು ಹಲವರು ಆಕ್ಷೇಪಿಸುತ್ತಾರೆ, ಆ ಆಕ್ಷೇಪದಲ್ಲಿ ಹುರುಳಿದೆ: ಇಬ್ಬರು ಅಧಿಕಾರಿಗಳನ್ನು ಕೊಂದವರು ಸಾಕ್ಷಿಯೊಬ್ಬನನ್ನು ಹಣ ಕೊಟ್ಟು ಕಳುಹಿಸುವುದು ಕಥೆಯ ಅನುಕೂಲಕ್ಕೆ ಆದ ಔದಾರ್ಯ. ಆದರೂ ಆ ಕೈಕುಲುಕಾಟ ಕಥೆಗೆ ಬೇಕಿತ್ತು. ಷಡ್ಡಕನನ್ನು ಕೊಂದ ಕೈಯನ್ನು ವಾಲ್ಟ್ ಹಿಡಿಯುತ್ತಾನಲ್ಲ, ಅದನ್ನು ನೋಡುವುದಕ್ಕಾಗಿ.

ಜೆಸ್ಸಿ ಅಡಗಿರುವ ಜಾಗವನ್ನು ವಾಲ್ಟ್ ತೋರಿಸಿಕೊಟ್ಟದ್ದು ಏಕೆ? ಜೇನ್‌ಳ ವಿಷಯವನ್ನು ಆಗಲೇ ಏಕೆ ಹೇಳಿದ?

ಕಾರಿನ ಕೆಳಗೆ ಅಂಗಾತ ಮಲಗಿ ಉಸಿರು ಬಿಗಿಹಿಡಿದಿರುವ ಜೆಸ್ಸಿಯ ಮೇಲೆ ವಾಲ್ಟ್‌ನ ಕಣ್ಣು ಬೀಳುತ್ತದೆ. ಸುಮ್ಮನಿದ್ದಿದ್ದರೆ ಗುಂಪು ಹೊರಟುಹೋಗುತ್ತಿತ್ತೇನೋ. ಹ್ಯಾಂಕ್‌ನನ್ನು ಇಲ್ಲಿಗೆ ಕರೆತಂದವನು ಜೆಸ್ಸಿ, ಆದ್ದರಿಂದ ಹ್ಯಾಂಕ್ ಸತ್ತದ್ದು ಜೆಸ್ಸಿಯಿಂದ ಎಂಬ ಲೆಕ್ಕವನ್ನು ವಾಲ್ಟ್ ಅಷ್ಟರಲ್ಲೇ ಹಾಕಿಕೊಂಡಿದ್ದಾನೆ. ತನ್ನ ತಪ್ಪಿನ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಅವನಿಗೆ ಎಂದೂ ತಡವಾದದ್ದಿಲ್ಲ.

ಕೊಲ್ಲುವುದಕ್ಕೆ ಒಪ್ಪಿಗೆ ಕೊಟ್ಟದ್ದೂ ಸಾಲದೆ, ಜೆಸ್ಸಿಯನ್ನು ಎಳೆದೊಯ್ಯುವ ಮುನ್ನ ವಾಲ್ಟ್ ತಡೆದು ಒಂದು ವಿಷಯ ತಿಳಿಸುತ್ತಾನೆ. ಎರಡನೆಯ ಸೀಸನ್ನಿನಲ್ಲಿ ಜೆಸ್ಸಿಯ ಪ್ರೇಯಸಿ ಜೇನ್ ಅಮಲಿನಲ್ಲಿ ವಾಂತಿ ಗಂಟಲಿಗೆ ಸಿಕ್ಕಿ ಸತ್ತಾಗ ತಾನು ಅಲ್ಲಿಯೇ ಇದ್ದೆ, ಉಳಿಸಬಹುದಿತ್ತು, ಉಳಿಸಲಿಲ್ಲ ಎಂದು. ಮೂರು ಸೀಸನ್‌ಗಳಿಂದ ವೀಕ್ಷಕರಿಗೆ ಮಾತ್ರ ಗೊತ್ತಿದ್ದ ಸತ್ಯ ಇದು. ಮನಸ್ಸಿನ ಭಾರ ಇಳಿಸಿಕೊಳ್ಳಲು ಹೇಳಿದ ಎಂದು ಕೆಲವರು ಓದುತ್ತಾರೆ, ಅದು ಸರಿಯಲ್ಲ. ಈ ಕಂತಿನಲ್ಲಿ ವಾಲ್ಟ್ ಮುಚ್ಚುಮರೆಯಿಲ್ಲದೆ ಹೇಳುವ ದೊಡ್ಡ ಸತ್ಯ ಇದೊಂದೇ, ಅದನ್ನೂ ಅವನು ಗಾಯದ ಮೇಲೆ ಬರೆ ಎಳೆಯಲು ಬಳಸುತ್ತಾನೆ. ಆರನ್ ಪಾಲ್ ಅವರ ಮುಖದಲ್ಲಿ ಆ ಮಾತು ಇಳಿಯುವುದನ್ನು ನೋಡುವಾಗ ಬೇರೆ ಯಾವ ಹಿಂಸೆಯೂ ಹಗುರವೆನಿಸುತ್ತದೆ.

ಮರಳುಗಾಡಿನಲ್ಲಿ ವಾಲ್ಟ್ ಪೀಪಾಯಿ ಉರುಳಿಸಿಕೊಂಡು ಹೋಗುವಾಗ ಪಕ್ಕದಲ್ಲಿ ಒಂದು ಪ್ಯಾಂಟು ಬಿದ್ದಿರುತ್ತದೆ. ಅದು ನಿಜವೇ?

ನಿಜ. ಧಾರಾವಾಹಿಯ ಮೊದಲನೆಯ ಕಂತು ಆರಂಭವಾಗುವುದೇ ಗಾಳಿಗೆ ಹಾರಿ ರಸ್ತೆಗೆ ಬೀಳುವ ವಾಲ್ಟ್‌ನ ಪ್ಯಾಂಟಿನಿಂದ. ಚಿತ್ರತಂಡದವರು ಅದನ್ನು ನೆನಪಿಟ್ಟು ಇಲ್ಲಿ ಇಟ್ಟಿದ್ದಾರೆ. ವಾಲ್ಟ್ ಅದನ್ನು ನೋಡುವುದಿಲ್ಲ. ಗುಂಡು ತಗುಲಿ ಪೆಟ್ರೋಲ್ ಸೋರಿಹೋದ ಕಾರನ್ನು ಬಿಟ್ಟು ಅವನು ಒಬ್ಬನೇ ಪೀಪಾಯಿಯನ್ನು ತಳ್ಳುತ್ತ ಹೋಗುವಾಗ ಹಿನ್ನೆಲೆಯಲ್ಲಿ ಲೈಮ್‌ಲೈಟರ್ಸ್ ತಂಡದ ‘ಟೇಕ್ ಮೈ ಟ್ರೂ ಲವ್ ಬೈ ದಿ ಹ್ಯಾಂಡ್’ ಎಂಬ ಹಳೆಯ ಹಾಡು ಕೇಳಿಸುತ್ತದೆ. ಸಗಣಿಯ ಉಂಡೆ ಉರುಳಿಸುವ ಜೀರುಂಡೆಯಂತೆ ಕಾಣುತ್ತಾನೆ ಎಂದು ಹೇಳುವವರಿದ್ದಾರೆ, ಆ ಹೋಲಿಕೆ ಒರಟಾದರೂ ಚೆನ್ನಾಗಿ ಒಪ್ಪುತ್ತದೆ.

ಈ ಜಾಗ ನಿಜವಾಗಿಯೂ ಇದೆಯೇ?

ಇದೆ. ಆಲ್ಬುಕರ್ಕಿಯ ಪಶ್ಚಿಮಕ್ಕೆ ಇರುವ ತೊಹಾಜೀಲಿ ನವಾಹೊ ಜನರ ಮೀಸಲು ಪ್ರದೇಶ. ಹಿಂದಿನ ಕಂತಿನ ಹೆಸರೂ ಅದೇ. ಹಣ ಹೂತಿಟ್ಟ ಸ್ಥಳವೆಂದು ವಾಲ್ಟ್ ನೆನಪಿಟ್ಟುಕೊಳ್ಳುವ ಅಕ್ಷಾಂಶ ರೇಖಾಂಶಗಳ ಸಂಖ್ಯೆಗಳನ್ನು ನಕ್ಷೆಯಲ್ಲಿ ಹುಡುಕಿದರೆ ಮಾತ್ರ ಮರಳುಗಾಡಲ್ಲ, ಧಾರಾವಾಹಿಯ ಚಿತ್ರೀಕರಣ ನಡೆದ ಆಲ್ಬುಕರ್ಕಿಯ ಸ್ಟುಡಿಯೊ ಸಿಗುತ್ತದೆ.

ಮನೆಯಲ್ಲಿ ನಡೆಯುವ ಚಾಕುವಿನ ದೃಶ್ಯ ಇಷ್ಟು ಭಯಂಕರವಾಗಿರುವುದೇಕೆ?

ಮರಳುಗಾಡಿನ ಬಂದೂಕುಗಳಿಗಿಂತ ಅಡುಗೆಮನೆಯ ಚಾಕು ಹೆಚ್ಚು ಹೆದರಿಸುತ್ತದೆ, ಏಕೆಂದರೆ ಇಲ್ಲಿ ಹಿಡಿದವರೂ ಎದುರಿಸುವವರೂ ಒಂದೇ ಮನೆಯವರು. ವಾಲ್ಟ್ ಸಿಕ್ಕಿಬಿದ್ದ ಎಂದೇ ತಿಳಿದ ಹ್ಯಾಂಕ್‌ನ ಹೆಂಡತಿ ಮರೀ ತನ್ನ ಅಕ್ಕ ಸ್ಕೈಲರ್‌ಳ ಬಳಿ ಬಂದು, ಹುಡುಗನಿಗೆ ಎಲ್ಲವನ್ನೂ ಹೇಳಿಬಿಡು ಎಂದು ಒತ್ತಾಯಿಸಿರುತ್ತಾಳೆ. ತನ್ನ ಗಂಡ ಆಗಲೇ ಮಣ್ಣಾಗಿದ್ದಾನೆಂಬುದು ಅವಳಿಗೆ ಗೊತ್ತಿಲ್ಲ. ತಂದೆಯ ನಿಜವನ್ನು ಆಗಷ್ಟೇ ಕೇಳಿದ ವಾಲ್ಟರ್ ಜೂನಿಯರ್ ತಾಯಿಯ ಜೊತೆ ಮನೆಗೆ ಬಂದರೆ, ಸೆರೆಯಲ್ಲಿರಬೇಕಾದ ತಂದೆ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಾನೆ. ಹ್ಯಾಂಕ್ ನಿನ್ನನ್ನು ಹೇಗೆ ಬಿಟ್ಟ ಎಂದು ಸ್ಕೈಲರ್ ಕೇಳುತ್ತಾಳೆ. ಮಾತುಕತೆಯಾಡಿ ಬಂದೆ ಎಂಬರ್ಥದ ಉತ್ತರ ಬರುತ್ತದೆ. ಆ ಉತ್ತರದ ಟೊಳ್ಳಿನಲ್ಲೇ ಅವಳಿಗೆ ಹ್ಯಾಂಕ್‌ನ ಸಾವು ತಿಳಿದುಹೋಗುತ್ತದೆ.

ಮೊದಲ ದೃಶ್ಯದಲ್ಲಿ ಸ್ಕೈಲರ್ ಫೋನಿನಲ್ಲಿ ಮಾತನಾಡುವಾಗ ಪಕ್ಕದಲ್ಲಿ ಮರದ ಗೂಡಿನಲ್ಲಿ ಸಾಲಾಗಿ ಚಾಕುಗಳಿದ್ದವು. ಈಗಲೂ ಅಲ್ಲಿಯೇ ಇವೆ. ಫೋನು, ಚಾಕು ಎರಡೂ ಕೈಗೆಟುಕುವಂತಿರುವಾಗ ಅವಳ ಕೈ ಚಾಕುವಿನ ಕಡೆ ಹೋಗುತ್ತದೆ. ವಾಲ್ಟ್‌ನ ಕೈ ಸೀಳುತ್ತದೆ, ಇಬ್ಬರೂ ನೆಲದ ಮೇಲೆ ಹೊರಳಾಡುತ್ತಾರೆ, ಮಗ ನಡುವೆ ಬಿದ್ದು ತಂದೆಯನ್ನು ಕಿತ್ತೆಳೆದು ತಾಯಿಗೆ ಅಡ್ಡವಾಗಿ ಮೈಯೊಡ್ಡುತ್ತಾನೆ. ನಾವೆಲ್ಲ ಒಂದೇ ಮನೆಯವರು ಎಂದು ವಾಲ್ಟ್ ಅರಚುತ್ತಾನೆ. ಎದುರಿಗೆ ಮುದುರಿ ಕೂತ ತಾಯಿ ಮಗನನ್ನು ನೋಡುತ್ತ ಅದೇ ಮಾತನ್ನು ಎರಡನೆಯ ಸಲ ಹೇಳುವಾಗ ದನಿ ಸೋತಿರುತ್ತದೆ. ಮಗ ಪೊಲೀಸರಿಗೆ ಫೋನ್ ಮಾಡುತ್ತಾನೆ. ಇಲ್ಲಿ ನಿರ್ದೇಶಕರು ದೃಶ್ಯವನ್ನು ಅತಿಯಾಗಿ ತುಂಡರಿಸಿಲ್ಲ, ಯಾರ ಕೈಯಲ್ಲಿ ಚಾಕು ಇದೆ ಎಂಬುದು ಪ್ರತಿ ಕ್ಷಣವೂ ಕಾಣುತ್ತಲೇ ಇರುತ್ತದೆ.

ಮಗು ‘ಮಾಮಾ’ ಎನ್ನುವುದು ಚಿತ್ರಕಥೆಯಲ್ಲಿತ್ತೇ?

ಇರಲಿಲ್ಲ. ಎತ್ತಿಕೊಂಡು ಓಡಿಬಂದ ಮಗಳು ಹಾಲಿಗೆ ಸಾರ್ವಜನಿಕ ಶೌಚಾಲಯವೊಂದರಲ್ಲಿ ವಾಲ್ಟ್ ಡಯಾಪರ್ ಬದಲಾಯಿಸುವ ದೃಶ್ಯವನ್ನು ಚಿತ್ರೀಕರಿಸುವಾಗ, ಕ್ಯಾಮೆರಾದ ಆಚೆ ನಿಂತಿದ್ದ ತನ್ನ ನಿಜವಾದ ತಾಯಿಯನ್ನು ನೋಡಿ ಮಗು ತಾನಾಗಿ ಕರೆಯಿತು. ಕ್ರ್ಯಾನ್‌ಸ್ಟನ್ ಪಾತ್ರ ಬಿಡದೆ ಆ ಕರೆಗೆ ಸ್ಪಂದಿಸಿದರು. ಜಗತ್ತಿನಲ್ಲಿ ತನ್ನನ್ನು ಇನ್ನೂ ದ್ವೇಷಿಸದ ಒಂದೇ ಜೀವವೂ ತಾಯಿಯನ್ನು ಕೇಳುತ್ತಿದೆ ಎಂದು ವಾಲ್ಟ್‌ಗೆ ಅರಿವಾಗುವ ಗಳಿಗೆ ಹೀಗೆ ಒಂದು ಆಕಸ್ಮಿಕದಿಂದ ದೊರಕಿತು.

ಕೊನೆಯ ಫೋನ್ ಕರೆಯಲ್ಲಿ ವಾಲ್ಟ್ ಹೆಂಡತಿಯನ್ನು ಅಷ್ಟು ಕೆಟ್ಟದಾಗಿ ಬೈಯುವುದು ನಿಜವಾದ ಸಿಟ್ಟೇ, ನಾಟಕವೇ?

ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಎರಡೂ ಹೌದು ಎಂಬುದು ಉತ್ತರ, ಆದರೆ ಆ ಎರಡು ಒಂದರೊಳಗೊಂದು ಹೇಗೆ ಸೇರಿಕೊಂಡಿವೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಮನೆ ತುಂಬ ಪೊಲೀಸರಿದ್ದಾರೆ. ಫೋನ್ ಬಂದಾಗ ಅವರೂ ಕೇಳಿಸಿಕೊಳ್ಳುತ್ತಿದ್ದಾರೆ. ಪೊಲೀಸರಿದ್ದಾರೆಯೇ ಎಂದು ವಾಲ್ಟ್ ಕೇಳುತ್ತಾನೆ, ಇಲ್ಲ ಎಂದು ಅವಳು ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅವನಿಗೆ ಗೊತ್ತು. ಆಮೇಲೆ ಹೊರಡುವುದು ಕೇಳಲಾಗದ ಬೈಗುಳದ ಮಳೆ: ನೀನು ದಡ್ಡಿ, ಕೃತಜ್ಞತೆಯಿಲ್ಲದವಳು, ನಾನು ಹೇಳಿದ್ದನ್ನು ಒಂದು ದಿನವೂ ಕೇಳಲಿಲ್ಲ, ಈ ವ್ಯವಹಾರವನ್ನೆಲ್ಲ ಕಟ್ಟಿದವನು ನಾನೊಬ್ಬನೇ, ಎದುರಾಡಿದರೆ ಹ್ಯಾಂಕ್‌ಗೆ ಆದದ್ದೇ ನಿನಗೂ. ಪೊಲೀಸರ ಕಿವಿಗೆ ಇದು ಹೆಂಡತಿಯನ್ನು ಹೆದರಿಸಿ ಬಾಯಿ ಮುಚ್ಚಿಸಿದ ಕ್ರೂರಿಯ ದನಿ. ಆ ದನಿಯ ಬಲದಿಂದ ಸ್ಕೈಲರ್ ಸಹಅಪರಾಧಿಯಾಗದೆ, ಗಂಡನ ಬೆದರಿಕೆಗೆ ಸಿಕ್ಕಿದ ಹೆಂಗಸಾಗಿ ನಿಲ್ಲುತ್ತಾಳೆ. ಕ್ಯಾಮೆರಾ ವಾಲ್ಟ್‌ನ ಮುಖಕ್ಕೆ ಹೋದಾಗ ಅವನು ಅಳುತ್ತಿದ್ದಾನೆ. ಗಂಟಲಿನಿಂದ ಹೊರಡುವ ಗರ್ಜನೆಗೂ ಕಣ್ಣಿಗೂ ಸಂಬಂಧವೇ ಇಲ್ಲ. ಬೈಯುವ ನಡುವೆ ಎಲ್ಲೋ ಸ್ಕೈಲರ್‌ಗೂ ಇದು ಹೊಳೆಯುತ್ತದೆ. ಆನಾ ಗನ್ ಅವರು ಆ ಹೊಳೆಯುವಿಕೆಯನ್ನು ಒಂದು ಸಣ್ಣ ತಡವರಿಕೆಯಲ್ಲಿ ತೋರಿಸುತ್ತಾರೆ, ಆಮೇಲೆ ಅವಳು ಕ್ಷಮೆ ಕೇಳುವಾಗ ಆ ಮಾತಿಗೆ ಎರಡು ಅರ್ಥ ಬಂದಿರುತ್ತದೆ.

ಹಾಗೆಂದು ಇದೆಲ್ಲ ಬರೀ ತ್ಯಾಗ ಎಂದು ಕೊಂಡಾಡುವುದು ತಪ್ಪು. ಬಾಯಿಪಾಠ ಮಾಡಿ ಹೇಳಿದ ಮಾತಲ್ಲ ಅದು. ಆ ಬೈಗುಳಗಳಲ್ಲಿ ಅವನು ವರ್ಷಗಳಿಂದ ಒಳಗೆ ಅದುಮಿಟ್ಟುಕೊಂಡ ಅಹಂಕಾರವೂ ಇದೆ. ಇಷ್ಟು ಸಲೀಸಾಗಿ ಹರಿಯಬೇಕಾದರೆ ಅದು ಒಳಗೆ ಇದ್ದಿರಲೇಬೇಕು. ಚಿತ್ರಕಥೆಯ ಜಾಣ್ಮೆ ಇರುವುದು ಇಲ್ಲಿ: ಹೆಂಡತಿಯನ್ನು ಉಳಿಸಲು ಅವನಿಗೆ ಬೇಕಾದ ಸುಳ್ಳಿನ ಕಚ್ಚಾ ಸಾಮಗ್ರಿಯೆಲ್ಲ ನಿಜದಿಂದಲೇ ಬಂದಿದೆ. ಆ ದಿನ ಬೆಳಗಿನಿಂದ ಅವನ ಒಂದು ಮಾತೂ ನಡೆದಿರಲಿಲ್ಲ, ಜ್ಯಾಕ್‌ನ ಮುಂದೆ, ಮನೆಯಲ್ಲಿ, ಎಲ್ಲಿಯೂ. ನಡೆದ ಒಂದೇ ಮಾತು ಇದು. ನಡೆಯಬೇಕಾದರೆ ತಾನು ರಾಕ್ಷಸನೆಂದು ತಾನೇ ಒಪ್ಪಿಕೊಂಡು, ಆ ಮನೆಗೆ ಮತ್ತೆಂದೂ ಗಂಡನಾಗಿ ಹೋಗದಂತೆ ಬಾಗಿಲು ಹಾಕಿಕೊಳ್ಳಬೇಕಾಯಿತು.

ಪ್ರಸಾರವಾದ ಕಾಲದಲ್ಲಿ ಕೆಲವು ವೀಕ್ಷಕರು ಸ್ಕೈಲರ್‌ಗೆ ಸರಿಯಾಗಿ ಬೈದ ಎಂದು ಚಪ್ಪಾಳೆ ತಟ್ಟಿದ್ದೂ ಉಂಟು. ಅವರು ನೋಡಿದ್ದು ಇದೇ ಕಂತನ್ನೇ ಎಂದು ನಂಬುವುದು ಕಷ್ಟ.

ಮಗುವನ್ನು ಅಗ್ನಿಶಾಮಕ ಠಾಣೆಯಲ್ಲಿ ಬಿಡುವುದೇಕೆ? ಅಲ್ಲಿನ ಚದುರಂಗಕ್ಕೆ ಅರ್ಥವಿದೆಯೇ?

ರಾತ್ರಿಯಿಡೀ ಜನ ಎಚ್ಚರವಿರುವ, ಮಗುವಿಗೆ ಅಪಾಯವಾಗದ ಜಾಗ ಅದು. ಅಗ್ನಿಶಾಮಕ ವಾಹನದ ಸೀಟಿನಲ್ಲಿ ಮಗುವನ್ನು ಮಲಗಿಸಿ ದೀಪ ಮಿನುಗಿಸಿ ಹೋಗುತ್ತಾನೆ. ಠಾಣೆಯ ಸಿಬ್ಬಂದಿ ಚದುರಂಗ ಆಡುತ್ತಿರುವುದನ್ನು, ವಾಲ್ಟ್‌ನ ಮನೆತನದ ಹೆಸರು ‘ವೈಟ್’ ಎಂಬುದನ್ನು ಸೇರಿಸಿ ಬಿಳಿಯ ರಾಜನ ಸೋಲು ಎಂದು ಓದುವವರಿದ್ದಾರೆ. ಓದಬಹುದು, ಓದದಿದ್ದರೆ ನಷ್ಟವೇನಿಲ್ಲ.

ಕೊನೆಯ ದೃಶ್ಯದಲ್ಲಿ ರಸ್ತೆ ದಾಟುವ ನಾಯಿ ಯಾವ ಸಂಕೇತ?

ಬೆಳಗಾಗುವ ಹೊತ್ತಿಗೆ ಕೆಂಪು ವ್ಯಾನೊಂದು ಬಂದು ವಾಲ್ಟ್‌ನನ್ನೂ ಪೀಪಾಯಿಯನ್ನೂ ಹತ್ತಿಸಿಕೊಂಡು ಹೋಗುತ್ತದೆ. ಜನರಿಗೆ ಹೊಸ ಹೆಸರು, ಹೊಸ ಊರು ಕೊಟ್ಟು ಮಾಯ ಮಾಡುವ ವೃತ್ತಿಯವನದು ಆ ವ್ಯಾನು. ಅದು ದೂರವಾಗುತ್ತಿರುವಂತೆ ಒಂದು ನಾಯಿ ಸುಮ್ಮನೆ ರಸ್ತೆ ದಾಟುತ್ತದೆ. ಧಾರಾವಾಹಿಯಲ್ಲಿ ಹಿಂದೊಮ್ಮೆ ಜೆಸ್ಸಿಯನ್ನು ಹುಚ್ಚುನಾಯಿಗೆ ಹೋಲಿಸಿದ್ದನ್ನು ನೆನಪಿಸುವವರು ಇದ್ದಾರೆ. ಈ ಪುಟದ ಲೇಖಕನಿಗೆ ಮಾತ್ರ ಅದು ಬರೀ ನಾಯಿಯಾಗಿಯೇ ಹಿಡಿಸುತ್ತದೆ.

ಕಂತಿಗೆ ಎಂಥ ಮನ್ನಣೆ ದೊರಕಿತು?

ಮೊದಲ ಪ್ರಸಾರವನ್ನು ಅಮೆರಿಕದಲ್ಲಿ ಸುಮಾರು 64 ಲಕ್ಷ ಜನ ನೋಡಿದರು. ಎರಡು ವಾರಗಳ ನಂತರದ ಅಂತಿಮ ಕಂತನ್ನು ನೋಡಿದವರು ಒಂದು ಕೋಟಿ ದಾಟಿದರು. 2014ರ ಎಮ್ಮಿ ಪ್ರಶಸ್ತಿಗಳಲ್ಲಿ ಈ ಚಿತ್ರಕಥೆಗಾಗಿ ವಾಲಿ-ಬೆಕೆಟ್ ಅವರು ಅತ್ಯುತ್ತಮ ಬರವಣಿಗೆಯ ಪ್ರಶಸ್ತಿ ಪಡೆದರು, ಕ್ರ್ಯಾನ್‌ಸ್ಟನ್ ಮತ್ತು ಗನ್ ಅವರೂ ಆ ವರ್ಷ ನಟನೆಗಾಗಿ ಎಮ್ಮಿ ಗೆದ್ದರು. ಐಎಂಡಿಬಿ ತಾಣದಲ್ಲಿ ವೀಕ್ಷಕರ ಮತಗಳಿಂದ 10ಕ್ಕೆ 10 ಅಂಕವನ್ನು ಇದು ವರ್ಷಗಟ್ಟಲೆ ಉಳಿಸಿಕೊಂಡಿತ್ತು.

ಧಾರಾವಾಹಿ ಇಲ್ಲಿಗೇ ಮುಗಿಯಬೇಕಿತ್ತು ಎಂದು ಹೇಳುವವರ ವಾದವೇನು?

ವಾಲ್ಟ್ ಕಳೆದುಕೊಳ್ಳಬಹುದಾದುದನ್ನೆಲ್ಲ ಇಲ್ಲಿಯೇ ಕಳೆದುಕೊಂಡಿದ್ದಾನೆ, ಮುಂದಿನ ಎರಡು ಕಂತುಗಳು ಅವನಿಗೆ ಸ್ವಲ್ಪ ಗೌರವವನ್ನು ಮರಳಿ ಕೊಟ್ಟು ಏಟಿನ ತೀವ್ರತೆಯನ್ನು ತಗ್ಗಿಸುತ್ತವೆ ಎಂಬುದು ಆ ವಾದ. ವಾಲ್ಟ್‌ನ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಜೆಸ್ಸಿ ಇನ್ನೂ ಸರಪಳಿಯಲ್ಲಿ, ಜ್ಯಾಕ್‌ನ ಗುಂಪಿಗಾಗಿ ಮೆಥ್ ತಯಾರಿಸುವ ಗುಲಾಮನಾಗಿ ಉಳಿದಿದ್ದಾನೆ. ಮರೀಗೆ ಗಂಡನ ಹೆಣವೂ ಸಿಕ್ಕಿಲ್ಲ. ಅವರಿಬ್ಬರನ್ನು ಹಾಗೆಯೇ ಬಿಟ್ಟು ತೆರೆ ಎಳೆದಿದ್ದರೆ ಅದು ಅನ್ಯಾಯವಾಗುತ್ತಿತ್ತು.

ಎರಡನೆಯ ಸಲ ನೋಡುವಾಗ ಏನನ್ನು ಗಮನಿಸಬೇಕು?

ಎರಡು ಫೋನ್ ಕರೆಗಳನ್ನು ಒಂದರ ಬೆನ್ನಿಗೊಂದು ಕೇಳಿ ನೋಡಿ. ಮೊದಲನೆಯದರಲ್ಲಿ ದನಿ ಮೃದುವಾಗಿದೆ, ಮಾತೆಲ್ಲ ಅಕ್ಕರೆಯದು, ಉದ್ದೇಶ ಮೋಸದ್ದು. ಎರಡನೆಯದರಲ್ಲಿ ದನಿ ವಿಷ ಕಾರುತ್ತದೆ, ಉದ್ದೇಶ ಮಾತ್ರ ಅವಳನ್ನು ಉಳಿಸುವುದು. ಆಮೇಲೆ ಮತ್ತೆ ಮೊದಲ ಕರೆಗೆ ಹಿಂತಿರುಗಿ, ಅಡುಗೆಮನೆಯ ಕಡೆಯ ದೃಶ್ಯವನ್ನು ಮಾತ್ರ ನೋಡಿ: ಹೊಟ್ಟೆ ಹೊತ್ತ ಸ್ಕೈಲರ್ ನಗುನಗುತ್ತ ಹಾಲಿ ಎಂಬ ಹೆಸರನ್ನು ಸೂಚಿಸುತ್ತಾಳೆ, ಆ ಕಡೆಯಿಂದ ಒಪ್ಪಿಗೆ ಬರುತ್ತದೆ, ಅವಳು ಫೋನನ್ನು ಕೆಳಗಿಡುತ್ತಾಳೆ. ಅಲ್ಲಿಂದ ಒಂದು ಗೇಣು ದೂರದಲ್ಲಿ ಚಾಕುಗಳ ಹಿಡಿಗಳು ಸಾಲಾಗಿ ಕಾಣುತ್ತವೆ.